ಹುರುಳಿ ಹಾಸಿದ ರಸ್ತೆ

ಅಡರಕಟ್ಟಿ
18 ನವೆಂಬರ್ 2024

ಬೆಟಗೇರಿಯ ಸೈಕಲ್ ಅಂಗಡಿಯ ಅಝೀಮನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುತ್ತೀಯೋ ಇಲ್ಲವೋ ಎಂಬುದು, ಈ ಪತ್ರ ಓದಿದ ಮೇಲೆ ನೀನು ಏನು ಮಾಡುತ್ತೀ ಎಂಬುದನ್ನು ನೋಡಿ ತೀರ್ಮಾನವಾಗುತ್ತದೆ.

ನಾನು ಮೂಕಪ್ಪ. ಅಲ್ಲೇ ಹಾಸ್ಟೆಲ್ಲಿನಲ್ಲಿದ್ದು ನಿನ್ನ ಹತ್ತಿರ ಸೈಕಲ್ ರೇಸು ಕಲಿಯುವ ಸೀಮಾ ನನ್ನ ಮಗನ ಮಗಳು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನನ್ನ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ಎದುರಿಗೆ ನಿಂತು ಒದರಿದರೆ ಕೇಳುತ್ತದೆ, ಫೋನಿನಲ್ಲಿ ಬರೀ ಜೇನುಹುಳ ಗುಂಯ್ ಅನ್ನುತ್ತದೆ. ಮೂರನೆಯ ಇಯತ್ತೆಯಲ್ಲಿ ಮಾಸ್ತರ ಕಪಾಳಕ್ಕೆ ಬಿಟ್ಟ ಏಟಿಗೆ ಬಲಗಿವಿ ಹೋಯಿತು. ನಾನು ಅವನ ಮೊಣಕೈ ಕಚ್ಚಿ ಶಾಲೆ ಬಿಟ್ಟೆ. ಬರೆಯುವುದು ಅಷ್ಟರಲ್ಲಿ ಎಷ್ಟು ಬಂದಿತ್ತೋ ಅಷ್ಟೇ. ಅಕ್ಷರ ದಪ್ಪ ಇವೆ, ಮಾತೂ ದಪ್ಪ ಇರುತ್ತವೆ.

ನಿನ್ನೆ ಮುಂಜಾನೆ ಗೋವಿನಜೋಳದ ಚೀಲ ಹೇರಿಕೊಂಡು ಚಕ್ಕಡಿಯಲ್ಲಿ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆ. ಎದುರಿಗೆ ನಿನ್ನ ಇಬ್ಬರು ಹುಡುಗಿಯರು ಬಂದರು. ಒಬ್ಬಳು ನಮ್ಮ ಸೀಮಾ, ಇನ್ನೊಬ್ಬಳು ಲಕ್ಷ್ಮೇಶ್ವರದ ದಲಾಲಿ ಕೊಟ್ರಪ್ಪನ ಮಗಳು ಸ್ನೇಹಾ. ಭುಜಕ್ಕೆ ಭುಜ ಹಚ್ಚಿ, ಮಾತಾಡುತ್ತ, ನಗುತ್ತ, ರಸ್ತೆ ತುಂಬ ಬರುತ್ತಿದ್ದಾರೆ. ತಲೆಯ ಮೇಲಿನ ಆ ಕೆಂಪು ಹೆಲ್ಮೆಟ್ಟಿನ ಬುರುಡೆ ನೋಡಿ ನನ್ನ ಎಳೆಯ ಎತ್ತು ಬೆದರಿತು. ಗಾಲಿ ತಗ್ಗಿಗೆ ಇಳಿದು ಚೀಲ ಉರುಳಿದವು.

"ರಸ್ತಿ ಏನ್ ನಿಮ್ಮಪ್ಪಂದೇನ್ರೇ?" ಎಂದೆ.

ಕೊಟ್ರಪ್ಪನ ಮಗಳು ಒಂದು ಕಾಲು ನೆಲಕ್ಕೆ ಊರಿ ನಿಂತು ಹೇಳುತ್ತಾಳೆ: "ಅರ್ಧಾ ನಮ್ಮಪ್ಪಂದು, ಅರ್ಧಾ ಇಕಿ ಅಪ್ಪಂದು ಯಜ್ಜಾ. ಅದಕ್ಕ ಜೋಡಿ ಹೊಂಟೀವಿ."

ನಮ್ಮವಳು ಹಲ್ಲು ಕಿಸಿದಳು. ನನ್ನ ಮೊಮ್ಮಗಳು, ನನ್ನ ಚೀಲ ಮಣ್ಣಲ್ಲಿ ಬಿದ್ದಿರುವಾಗ.

ಇನ್ನು ಮೇಲೆ ಒಬ್ಬಳ ಹಿಂದೆ ಒಬ್ಬಳು ಹೋಗಬೇಕು. ಇಲ್ಲವಾದರೆ ನನ್ನ ಕೈಯಲ್ಲಿ ಬಾರಕೋಲು ಇದೆ. ಅದಕ್ಕೆ ಎತ್ತು ಯಾವುದು ಮನುಷ್ಯ ಯಾವುದು ತಿಳಿಯುವುದಿಲ್ಲ.

ನಿನ್ನ ಮೇಲೆ ಕಣ್ಣಿಟ್ಟಿರುವ,
ಮೂಕಪ್ಪ


ಬೆಟಗೇರಿ
25 ನವೆಂಬರ್ 2024

ಹಿರಿಯರಾದ ಮೂಕಪ್ಪನವರಿಗೆ ಅಝೀಮನ ಸಲಾಮು.

ನಿಮ್ಮ ಪತ್ರ ಅಂಗಡಿಗೆ ಬಂದಾಗ ನಾಲ್ಕು ಜನ ಇದ್ದರು, ಎಲ್ಲರೂ ಓದಿದರು. ಹೆದರಿದವನು ನಾನೊಬ್ಬನೇ.

ಎದುರಿಗೆ ಚಕ್ಕಡಿ ಬರುವಾಗ ಅವರು ಹಿಂದೆ ಮುಂದೆ ಆಗಬೇಕಿತ್ತು. ಅದು ಅವರ ತಪ್ಪು, ಬೈದಿದ್ದೇನೆ. ಚೀಲ ಬಿದ್ದದ್ದಕ್ಕೆ ನಾನು ಕ್ಷಮೆ ಕೇಳುತ್ತೇನೆ. ಆದರೆ ಜೋಡಿ ಹೋಗಬೇಡಿ ಎಂದು ಮಾತ್ರ ನಾನು ಅವರಿಗೆ ಹೇಳುವುದಿಲ್ಲ. ಹಾಗೆ ಹೋಗಲು ಕಲಿಸಿದವನೇ ನಾನು.

ಯಾಕೆಂದು ಕೇಳಿ. ಒಬ್ಬಳ ಹಿಂದೆ ಒಬ್ಬಳು ಹೊರಟರೆ ಹಿಂದಿನಿಂದ ಬರುವ ಟಿಪ್ಪರಿನವನಿಗೆ ಸಂದು ಕಾಣುತ್ತದೆ. ಸಂದು ಕಂಡರೆ ನುಗ್ಗುತ್ತಾನೆ. ಜೋಡಿ ಹೊರಟರೆ ಸಂದು ಕಾಣುವುದಿಲ್ಲ. ಬ್ರೇಕ್ ಹಾಕುತ್ತಾನೆ, ಹಾರ್ನ್ ಹೊಡೆಯುತ್ತಾನೆ, ಅವ್ವ ಅಪ್ಪನನ್ನೆಲ್ಲ ತೆಗೆಯುತ್ತಾನೆ, ಎದುರಿನ ದಾರಿ ಖಾಲಿಯಾದ ಮೇಲೆ ಪೂರ್ತಿ ಬಲಕ್ಕೆ ಹೋಗಿ ದಾಟುತ್ತಾನೆ. ಬೈಗುಳದಿಂದ ಯಾರೂ ಸತ್ತಿಲ್ಲ. ಸಂದಿನಲ್ಲಿ ಸತ್ತವರನ್ನು ನಾನು ಎತ್ತಿದ್ದೇನೆ, ಅದರಲ್ಲಿ ಒಬ್ಬ ನನ್ನ ತಮ್ಮ. ಕಾನೂನು ಏನು ಹೇಳುತ್ತದೆ ಎಂದು ಇಬ್ಬರು ಪೊಲೀಸರನ್ನು ಕೇಳಿದೆ. ಒಬ್ಬ ಜೋಡಿ ಹೋಗಬಹುದು ಎಂದ, ಇನ್ನೊಬ್ಬ ಸೈಕಲ್ಲನ್ನೇ ಬಿಡು ಎಂದ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ಸುಗ್ಗಿ ಬಂತೆಂದರೆ ನಿಮ್ಮ ಕಡೆಯ ರೈತರು ಡಾಂಬರಿನ ಮೇಲೆ ಹುರುಳಿ ಹಾಸುತ್ತೀರಿ, ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು. ಅರ್ಧ ರಸ್ತೆ ನಿಮ್ಮ ಕಣ ಆಗುತ್ತದೆ. ಆಗ ರಸ್ತೆ ಯಾರಪ್ಪನದು ಎಂದು ನಾವು ಕೇಳಿಲ್ಲ.

ನಿಮ್ಮ ಆಶೀರ್ವಾದ ಇರಲಿ, ಬಾರಕೋಲು ಮನೆಯಲ್ಲಿರಲಿ.
ಅಝೀಮ


ಅಡರಕಟ್ಟಿ
10 ಡಿಸೆಂಬರ್ 2024

ಅಝೀಮ,

ನಿನ್ನ ಪತ್ರ ಬಂದ ದಿನ ಅದನ್ನು ನನ್ನ ಹೆಂಡತಿ ಶಂಕ್ರೆವ್ವನ ಮುಂದೆ ಜೋರಾಗಿ ಓದಿದೆ, ನಿನ್ನ ಸೊಕ್ಕು ಅವಳಿಗೂ ತಿಳಿಯಲಿ ಎಂದು. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು: "ಸೈಕಲ್ ಮಾಸ್ತರ ಖರೇನ ಹೇಳ್ಯಾನ. ನೀ ಏನ್ ಎತ್ತ ಒಂದರ ಹಿಂದ ಒಂದ ಹೂಡತೀಯೇನು?"

"ನೊಗ ಇದ್ರ ಜೋಡಿ. ಆ ಹುಡುಗ್ಯಾರಿಗೆ ನೊಗ ಎಲ್ಲೈತಿ?"

"ನಿನಗೂ ನನಗೂ ಎಲ್ಲಿತ್ತು? ಇಷ್ಟ ವರ್ಷ ಎಳದಿಲ್ಲೇನು?"

ಆ ಸಿಟ್ಟು ಹೊಟ್ಟೆಯಲ್ಲೇ ಇತ್ತು. ಮರುದಿನ ಬಾರಕೋಲು ಹಿಡಿದು ನಮ್ಮ ಹೊಲದ ಮುಂದೆ ರಸ್ತೆಯ ನಡುವೆ ನಿಂತೆ. ಬಂದರು, ಮತ್ತೆ ಜೋಡಿಯಾಗಿಯೇ ಬಂದರು. ನಮ್ಮವಳು ಬ್ರೇಕ್ ಹಾಕಿದಳು. ಕೊಟ್ರಪ್ಪನ ಮಗಳು ಹಾಕಲಿಲ್ಲ, ನನ್ನನ್ನು ಸುತ್ತು ಹಾಕಿ ಹೋಗುತ್ತೇನೆ ಎಂದುಕೊಂಡಳು. ಬಾರಕೋಲು ಬೀಸಿದೆ. ಬಾರು ಅವಳ ತೋಳು ಸುತ್ತಿ ಬೆನ್ನಿಗೆ ಬಡಿಯಿತು. ಸೈಕಲ್ ಸಮೇತ ಬಿದ್ದಳು. ಬಿಳಿ ಅಂಗಿಯ ಮೇಲೆ ಕೆಂಪು ಗೆರೆ ಎದ್ದಿತು.

ಅಳಲಿಲ್ಲ ಆ ಹುಡುಗಿ. ಎದ್ದು ಮೊದಲು ಸೈಕಲ್ಲಿನ ಗಾಲಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಎಡಗಿವಿಯ ಹತ್ತಿರ ಬಂದು ಕೇಳಿದಳು: "ಯಜ್ಜಾ, ಎತ್ತಿಗೂ ಹಿಂಗ ಹೊಡೀತಿಯೇನು?"

"ಎತ್ತ ಮಾತ ಕೇಳತಾವ. ಅದಕ್ಕ ಹೊಡಿಯಂಗಿಲ್ಲ."

ಹೊಲದ ಮಣ್ಣು ಒಂದು ಮುಟಿಗೆ ತೆಗೆದು ಇಬ್ಬರ ಅಂಗೈಗೂ ಹಾಕಿದೆ. ಒಬ್ಬಳ ಹಿಂದೆ ಒಬ್ಬಳು ಹೋಗುತ್ತೇವೆ ಎಂದು ಆಣೆ ಮಾಡಿಸಿದೆ. ಮಣ್ಣು ಹಿಡಿದು ಆಡಿದ ಮಾತು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ, ಸತ್ತರೂ ಮುರಿಯುವುದಿಲ್ಲ. ದಲಾಲಿಯ ಮಗಳಲ್ಲವೇ, ಅದರಲ್ಲೂ ಚೌಕಾಸಿ ಮಾಡಿದಳು: "ನಿಮ್ಮ ಹೊಲದ ಮುಂದ ಅಷ್ಟ. ಆ ಜಾಲಿ ಗಿಡದಿಂದ ಈ ಬಾವಿ ತನಕ. ಮುಂದಿಂದು ನಮ್ಮ ಮರ್ಜಿ." ಆಗಲಿ ಎಂದೆ.

ಕೊಟ್ರಪ್ಪ ಕೇಸು ಹಾಕಲಿ, ನೀನು ಹಾಕು, ಇಬ್ಬರೂ ಕೂಡಿ ಹಾಕಿ. ನನ್ನ ಹೊಲದ ಮುಂದೆ ನನ್ನ ಮಾತು ನಡೆಯಿತು.

ಮೂಕಪ್ಪ


ಅಡರಕಟ್ಟಿ
14 ಜನವರಿ 2025

ಸೀಮಾ,

ಇದರ ಜೊತೆ ನಿಮ್ಮಜ್ಜಿ ಎಳ್ಳು ಬೆಲ್ಲ ಕಟ್ಟಿದ್ದಾಳೆ. ಹಬ್ಬಕ್ಕೆ ಬರುವುದಿಲ್ಲ ಎಂದೆಯಂತೆ. ಹಾಸ್ಟೆಲ್ಲಿನಲ್ಲಿ ಹಬ್ಬ ಮಾಡು, ಯಾರು ಬೇಡ ಎಂದರು.

ದಿನಾ ಮುಂಜಾನೆ ನಿಮ್ಮನ್ನು ನೋಡುತ್ತೇನೆ. ಜಾಲಿ ಗಿಡ ಬಂತೆಂದರೆ ಸ್ನೇಹಾ ಹಿಂದಾಗುತ್ತಾಳೆ, ನೀನು ಮುಂದಾಗುತ್ತೀ. ಬಾವಿ ದಾಟಿತೆಂದರೆ ಮತ್ತೆ ಜೋಡಿ. ನನ್ನ ಕಡೆ ಮುಖ ತಿರುಗಿಸುವುದಿಲ್ಲ. ತಿರುಗಿಸಬೇಡ. ಆಣೆ ನಡೆಸುತ್ತಿದ್ದೀರಲ್ಲ, ಸಾಕು. ಆ ಹುಡುಗಿಯ ಬೆನ್ನಿನ ಗಾಯ ಮಾಯಿತೇ ಎಂದು ಕೇಳು ಅಂತ ನಿಮ್ಮಜ್ಜಿ ಹೇಳಿದ್ದಾಳೆ. ಕೇಳಿದವಳು ಅವಳು, ನಾನಲ್ಲ.

ಹುರುಳಿ ಕಿತ್ತು ಒಣಗಿಸಿದ್ದಾಗಿದೆ. ಬರುವ ವಾರ ರಸ್ತೆಗೆ ಹಾಸುತ್ತೇನೆ. ಎಡಗಡೆ ಅರ್ಧ ರಸ್ತೆ ಹುರುಳಿ. ಅದರ ಎಡಕ್ಕೆ, ತಗ್ಗಿನ ದಂಡೆಯಲ್ಲಿ, ಒಂದು ಸೈಕಲ್ ಹೋಗುವಷ್ಟು ಡಾಂಬರು ಬಿಟ್ಟು ಕಲ್ಲು ಸಾಲಾಗಿ ಇಡುತ್ತೇನೆ. ಅದು ನಿಮಗೆಂದೇ. ಕಲ್ಲಿನ ಆಚೆ ಗಾಡಿ ಹುರುಳಿ ತುಳಿದುಕೊಂಡು ಹೋಗುತ್ತವೆ, ಈಚೆ ನೀವು ಆರಾಮ ಹೋಗಬಹುದು. ನಿನ್ನ ಮಾಸ್ತರನಿಗೆ ಹೇಳು, ಮೂಕಪ್ಪ ಬರೀ ಬಡಿಯುವವನಲ್ಲ, ದಾರಿಯನ್ನೂ ಬಿಡುತ್ತಾನೆ ಎಂದು.

ನಿನ್ನ ಅಜ್ಜ


ಅಡರಕಟ್ಟಿ
27 ಜನವರಿ 2025

ಸೀಮಾ,

ಹುಬ್ಬಳ್ಳಿ ದವಾಖಾನೆಯಲ್ಲಿ ಸ್ನೇಹಾಳ ಹಾಸಿಗೆಯ ಹತ್ತಿರ ಕೂತೇ ಇದ್ದೀಯಂತೆ, ಊಟ ಮಾಡುವುದಿಲ್ಲವಂತೆ. ಉಣ್ಣು. ಉಪವಾಸ ಕೂತರೆ ಅವಳ ಕಾಲು ಕೂಡುವುದಿಲ್ಲ.

ನಿನಗೆ ಸಮಾಧಾನ ಆಗಲಿ ಎಂದು ಬರೆಯುತ್ತಿದ್ದೇನೆ. ಆ ಲೋಹಿತನನ್ನು ನಾನು ಬಿಟ್ಟಿಲ್ಲ. ಶಿರಹಟ್ಟಿಯವನು, ಖಡಿ ಕಲ್ಲು ಸಾಗಿಸುವ ಟಿಪ್ಪರಿನವನು, ಎಷ್ಟೋ ಸಲ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದವನು. ನೀನು ಸ್ನೇಹಾಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಚೀರುತ್ತಿದ್ದೆ, ಹಿಂದೆ ಏನು ನಡೆಯಿತು ನಿನಗೆ ಕಂಡಿರಲಿಕ್ಕಿಲ್ಲ. ಅವನನ್ನು ಕ್ಯಾಬಿನ್ನಿನಿಂದ ಕಾಲರು ಹಿಡಿದು ಎಳೆದೆ. ರಸ್ತೆಗೆ ಇಟ್ಟ ಕಲ್ಲೇ ಕೈಗೆ ಸಿಕ್ಕಿತು. ಬಾಯಿಗೆ ಹೊಡೆದೆ. ಹಲ್ಲು ಹುರುಳಿಯಲ್ಲಿ ಬಿದ್ದವು. "ಯಜ್ಜಾ, ಬ್ಯಾಡ ಯಜ್ಜಾ" ಎನ್ನುತ್ತಲೇ ಇದ್ದ. ಎದೆಯ ಮೇಲೆ ಕೂತು ಮತ್ತೆ ಹೊಡೆದೆ. ನಾಲ್ಕು ಜನ ಎಳೆಯದಿದ್ದರೆ ಅಲ್ಲೇ ಮುಗಿಸುತ್ತಿದ್ದೆ. ನನ್ನನ್ನೂ ಠಾಣೆಯಲ್ಲಿ ಕೂಡಿಸಿದರು, ಕೂತು ಬಂದೆ. ಅವನು ಜಾಮೀನಿನ ಮೇಲೆ ಹೊರಗೆ ಬರಲಿ, ಉಳಿದದ್ದು ಅವತ್ತು.

ಏನು ನಡೆಯಿತು ಎಂದು ಪೊಲೀಸರು ಕೇಳಿದರು, ಹೇಳಿದೆ. ನಾನು ಹುರುಳಿ ತಿರುವಿ ಹಾಕುತ್ತಿದ್ದೆ. ನೀವಿಬ್ಬರೂ ಕಲ್ಲಿನ ಈಚೆಯ ದಾರಿಗೆ ಇಳಿದಿದ್ದಿರಿ, ನೀನು ಮುಂದೆ, ಅವಳು ಹಿಂದೆ. ನಿಮ್ಮ ಹಿಂದಿನಿಂದ ಟಿಪ್ಪರು ಬಂತು. ತುಂಬಿದ ಟಿಪ್ಪರು, ಅಂಥ ತೂಕ ಒಂದು ಸಲ ಹಾದರೆ ಎತ್ತು ದಿನವಿಡೀ ತುಳಿದಷ್ಟು. ಎಂದಿನ ಹಾಗೆ, ಬಾ ಇದರ ಮೇಲೆ, ಎಂದು ಕೈ ಮಾಡಿದೆ. ಬಂದ. ಒಣಗಿದ ಕಾಳು ಗಾಲಿಯ ಕೆಳಗೆ ಗೋಲಿ ಹಾಗೆ ಉರುಳಿದವು. ಟಿಪ್ಪರು ಎಡಕ್ಕೆ ಜಾರಿತು. ನೀನು ದಾಟಿದ್ದೆ. ಅವಳ ಬಲಕ್ಕೆ ಕಲ್ಲು, ಎಡಕ್ಕೆ ತಗ್ಗು, ಎಲ್ಲಿಗೆ ಹೋಗುತ್ತಾಳೆ. ಡ್ರೈವರ ಆದವನು ಬ್ರೇಕ್ ಹಾಕಬೇಕಿತ್ತು. ಮಗ ಸಾವಕಾಶ ಬರಬೇಕಿತ್ತು.

ಕೊಟ್ರಪ್ಪನ ಮನೆಗೆ ಹೋಗಿದ್ದೆ. ಬಾಗಿಲು ತೆರೆದವನು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡ. ಯಾಕೆ ಎಂದು ನನಗೆ ತಿಳಿಯಲಿಲ್ಲ. ಅವನ ಮಗಳ ಸಲುವಾಗಿ ನಾನು ರಕ್ತ ಹರಿಸಿ ಬಂದವನು.

ಉಣ್ಣು.

ನಿನ್ನ ಅಜ್ಜ


ಹುಬ್ಬಳ್ಳಿ
4 ಫೆಬ್ರವರಿ 2025

ಅಜ್ಜ,

ನಿನ್ನೆ ಸ್ನೇಹಾಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಎಚ್ಚರವಾದ ಮೇಲೆ ಅವಳು ಕೇಳಿದ ಮೊದಲ ಮಾತು, "ಆಣಿ ಮುರೀಲಿಲ್ಲಲ್ಲ?"

ಕೊಟ್ರಪ್ಪ ಕಾಕಾ ಯಾಕೆ ಬಾಗಿಲು ಹಾಕಿಕೊಂಡರು ಎಂದು ತಿಳಿಯಲಿಲ್ಲ ಎಂದು ಬರೆದಿದ್ದೀ. ನಾನು ಬರೆಯುತ್ತೇನೆ, ಓದು. ನಾವು ಜೋಡಿ ಬಂದಿದ್ದರೆ ಆ ಸಂದಿನಲ್ಲಿ ಹಿಡಿಸುತ್ತಿರಲಿಲ್ಲ. ಹುರುಳಿಯನ್ನು ಬಿಟ್ಟು ರಸ್ತೆಯ ನಡುವೆ ಹೋಗುತ್ತಿದ್ದೆವು. ಲೋಹಿತಣ್ಣ ಹಿಂದೆ ನಿಂತು ಹಾರ್ನ್ ಹೊಡೆಯುತ್ತಿದ್ದ. ಬೈಯುತ್ತಿದ್ದ. ಅಷ್ಟೇ ಆಗುತ್ತಿತ್ತು.

ಬಾರಕೋಲಿನಿಂದ ನಮ್ಮನ್ನು ಸಾಲು ಮಾಡಿದವನು ನೀನು. ಕಲ್ಲು ಇಟ್ಟವನು ನೀನು. ಕೈ ಮಾಡಿ ಕರೆದವನೂ ನೀನೇ. ನೀನು ಕೈ ಮಾಡಿದ್ದನ್ನು ನಾನು ತಿರುಗಿ ನೋಡಿದ್ದೆ. ಪೊಲೀಸರಿಗೆ ಅದನ್ನೂ ಹೇಳಿದೆಯೋ, ನನಗೆ ಮಾತ್ರ ಬರೆದೆಯೋ?

ಹಲ್ಲು ಉದುರಿಸಿದ್ದನ್ನು ಹೇಳಿ ನನಗೆ ಸಮಾಧಾನ ಮಾಡಬೇಡ. ನಾನು ಇನ್ನು ಸೈಕಲ್ ಹೊಡೆಯುವುದಿಲ್ಲ. ಅಡರಕಟ್ಟಿಗೂ ಬರುವುದಿಲ್ಲ. ಇದಕ್ಕೆ ಉತ್ತರ ಬರೆಯಬೇಡ.

ಸೀಮಾ


ಅಡರಕಟ್ಟಿ
9 ಫೆಬ್ರವರಿ 2025

ಸೀಮಾ,

ಉತ್ತರ ಬರೆಯಬೇಡ ಎನ್ನಲು ನೀನು ಯಾರು?

ನಮ್ಮಪ್ಪ ಹುರುಳಿ ಹಾಸಿದ, ನಾನು ಹಾಸಿದೆ, ಊರೆಲ್ಲ ಹಾಸುತ್ತದೆ. ಎಲ್ಲರೂ ಗಾಡಿಗೆ ಕೈ ಮಾಡುತ್ತಾರೆ. ಅವರೆಲ್ಲ ಕೊಲೆಗಾರರೋ? ತೊಟ್ಟಿಲು ತೂಗಿದವನ ಕೈಗೆ ಹೆಸರಿಡುತ್ತೀಯಾ? ಪೊಲೀಸರು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಕೇಳದ್ದಕ್ಕೆ ಕೊಡಲಿಲ್ಲ. ನಾನೇನು ಮೂರನೆಯ ಇಯತ್ತೆ ದಾಟಿದವನಲ್ಲ, ಕೇಳದ ಪ್ರಶ್ನೆಗೂ ಉತ್ತರ ಬರೆಯಲು.

ಬರಬೇಡ. ನಿನ್ನ ಹೆಸರಿನ ರೊಟ್ಟಿ ನಾಯಿಗೆ ಹಾಕುತ್ತೇನೆ.

ಮೂಕಪ್ಪ


ಬೆಟಗೇರಿ
20 ಏಪ್ರಿಲ್ 2025

ಮೂಕಪ್ಪನವರಿಗೆ,

ಸಲಾಮು ಈ ಸಲ ಬರೆಯುವ ಮನಸ್ಸಿಲ್ಲ. ನಿಮಗೆ ಬರೆಯಬಾರದು ಎಂದೇ ಇದ್ದೆ. ಆದರೆ ನಿಮ್ಮ ಮನೆಯವರು ಮೊನ್ನೆ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯ ಮುಂದೆ ನಿಂತರು. ಶಂಕ್ರೆವ್ವನವರು ಕೇಳಿದ್ದು ಇಷ್ಟೇ: "ಹುಡುಗಿ ಹೆಂಗದಾಳಂತ ನಮ್ಮ ಮುದುಕಗ ನಾಕ ಅಕ್ಷರ ಬರೀ. ನಾ ಹೇಳಿದ್ರ ಅಂವಗ ಕೇಳಸಂಗಿಲ್ಲ." ಅವರು ಹೇಳಿದ್ದು ಬರೀ ಕಿವಿಯ ಮಾತಲ್ಲ ಎಂದು ತಿಳಿದೆ.

ಸೀಮಾ ಮತ್ತೆ ಸೈಕಲ್ ಹತ್ತಿದ್ದಾಳೆ. ನಾನು ಹತ್ತಿಸಿದ್ದಲ್ಲ. ಸ್ನೇಹಾ ತನ್ನ ರೇಸು ಸೈಕಲ್ಲನ್ನು ಅವಳ ಹಾಸ್ಟೆಲ್ಲಿಗೆ ಕಳಿಸಿ ಹೇಳಿದಳು: "ಇದರ ಮ್ಯಾಲ ಧೂಳ ಕುಂತ್ರ ಊರುಗೋಲ ತಗೊಂಡ ಬಂದ ಬಡೀತೀನಿ ನೋಡ." ಆ ಮಾತಿಗೆ ಹತ್ತಿದಳು.

ಆದರೆ ಜೋಡಿ ಇಲ್ಲ. ಆ ದಿನದ ಮೇಲೆ ಉಳಿದ ಹುಡುಗಿಯರನ್ನು ಮನೆಯವರು ಮುಳಗುಂದದ ಆಚೆ ಕಳಿಸುತ್ತಿಲ್ಲ. ನನ್ನ ಮೊಣಕಾಲು ಹೋಗಿದೆ, ಅವಳ ವೇಗಕ್ಕೆ ನಾನು ತುಳಿಯಲಾರೆ. ಒಬ್ಬಳೇ ಹೋಗುತ್ತಾಳೆ. ಒಬ್ಬಳು ಎಂದರೆ ಸಾಲಿಗಿಂತ ಕೆಟ್ಟದ್ದು, ರಸ್ತೆಯೆಲ್ಲ ಸಂದೇ. ಹೋದ ವಾರ ಒಂದು ಲಾರಿ ಅವಳ ಮೊಣಕೈ ಸವರಿಕೊಂಡು ಹೋಯಿತು. ಚರ್ಮ ಸುಲಿಸಿಕೊಂಡು ಬಂದಳು. ಲೋಹಿತ ಕೂಡ ಜಾಮೀನಿನ ಮೇಲೆ ಬಂದು ಅದೇ ರಸ್ತೆಯಲ್ಲಿ ಟಿಪ್ಪರು ಹೊಡೆಯುತ್ತಿದ್ದಾನೆ.

ಬೇರೆ ರಸ್ತೆಗೆ ಹೋಗು ಎಂದೆ. "ಸ್ನೇಹಾ ಬಿದ್ದ ರಸ್ತಿ ಬಿಟ್ರ ಅಕಿ ಬಿದ್ದಿದ್ದ ಸುಳ್ಳ ಆಕೈತ್ರಿ ಸರ್" ಎಂದಳು. ಅವಳಿಗೆ ಯಾರ ಹಟ ಬಂದಿದೆ ಎಂದು ನಾನು ಬರೆಯಬೇಕಿಲ್ಲ.

ಇನ್ನೊಂದು ಮೊಣಕೈ, ಇನ್ನೊಂದು ಲಾರಿ. ಅಷ್ಟೇ ದೂರ ಇದೆ. ತಿಳಿಸುವುದು ನನ್ನ ಕೆಲಸ, ತಿಳಿಸಿದ್ದೇನೆ.

ಅಝೀಮ


ಅಡರಕಟ್ಟಿ
16 ಮೇ 2025

ಅಝೀಮನಿಗೆ,

ಅಕ್ಷರ ಕೋಳಿ ಕೆದರಿದ ಹಾಗಿವೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಯಾಕಿಲ್ಲ ಎಂದು ಕೊನೆಗೆ ಬರುತ್ತದೆ, ಸುಮ್ಮನೆ ಓದು.

ನಿನ್ನ ಪತ್ರ ಬಂದಮೇಲೆ ನನ್ನ ಹಾಲಿನ ಟಿವಿಎಸ್ ಗಾಡಿಗೆ ಎಣ್ಣೆ ಹಾಕಿಸಿ ಮುಳಗುಂದಕ್ಕೆ ಹೋಗಿ ನಿಂತೆ. ಬಾರಕೋಲನ್ನು ಸೀಟಿನ ಕೆಳಗೆ ಸಿಗಿಸಿದ್ದೆ. ಸೀಮಾ ಬಂದಳು, ನನ್ನನ್ನು ನೋಡಿ ಜೋರು ತುಳಿದಳು. ನಾನು ಬೆನ್ನು ಹತ್ತಿ ಅವಳ ಬಲಗಡೆಗೆ ಬಂದೆ. ಅವಳ ಭುಜ, ನನ್ನ ಭುಜ, ನಡುವೆ ಒಂದು ಮೊಳ. ನನ್ನ ಎಡಗಿವಿಗೆ ಬಿದ್ದಿತು: "ಮನಿಗೆ ಹೋಗ." ಕೇಳಿಸಲಿಲ್ಲ ಎಂಬಂತೆ ಮಾಡಿದೆ. ಅರ್ಧ ಕಿವುಡನಾಗಿ ಇಷ್ಟು ವರ್ಷ ಬಾಳಿದ್ದಕ್ಕೆ ಅವತ್ತು ಲಾಭ ಆಯಿತು.

ಹಾಗೆಯೇ ದಿನಾ. ಅವಳು ಮಾತಾಡುವುದಿಲ್ಲ, ನಾನು ಬಿಡುವುದಿಲ್ಲ. ನಮ್ಮ ಹೊಲದ ಹತ್ತಿರ ಬಂದಾಗ ಮೊದಲ ದಿನ ಅವಳ ಸೈಕಲ್ ತಾನಾಗಿಯೇ ನಿಧಾನವಾಗಿ ದಂಡೆಗೆ ಸರಿಯಿತು. ಆಣೆ ಅಲ್ಲವೇ. ನಾನು ಗಾಡಿ ನಿಲ್ಲಿಸಿ, ಹೊಲಕ್ಕಿಳಿದು, ಒಂದು ಮುಟಿಗೆ ಮಣ್ಣು ತಂದು ಅವಳ ಮುಂದೆ ನಿಂತೆ. "ಕೈ ಒಡ್ಡು" ಎಂದೆ. ಒಡ್ಡಲಿಲ್ಲ. "ಹಂಗಾರ ಈ ಮಣ್ಣ ಹಿಡದ ನಾನ ಹೇಳತೀನಿ. ಆಣಿ ಹಿಂದ ತಗೊಂಡೀನಿ" ಎಂದು ಮಣ್ಣನ್ನು ನನ್ನ ತಲೆಯ ಮೇಲೆ ಸುರಿದುಕೊಂಡೆ. ಕಣ್ಣಿಗೆ ಹೋಗಿ ಉರಿಯಿತು. ಅವಳು ನೀರಿನ ಬಾಟಲಿ ಕೊಟ್ಟಳು, ಮಾತು ಕೊಡಲಿಲ್ಲ.

ಈಗ ಮೊನ್ನೆಯದು. ಮುಳಗುಂದ ದಾಟಿ ಬರುತ್ತಿದ್ದೆವು. ನನಗೆ ಏನೂ ಕೇಳಿಸಿಲ್ಲ. ಹಿಂದಿನಿಂದ ಒಂದು ಟಿಪ್ಪರು ಬಂದು, ಎದುರಿನ ದಾರಿ ತುಂಬಿದ್ದರಿಂದ ದಾಟಲಾರದೆ, ಎಷ್ಟೋ ಹೊತ್ತು ಹಾರ್ನ್ ಬಡಿಯುತ್ತಲೇ ಇತ್ತಂತೆ. ಸೀಮಾಳಿಗೆ ಕೇಳಿಸಿದೆ. ನನಗೆ ಹೇಳಿಲ್ಲ. ಕೊನೆಗೆ ಅದು ಬಲಕ್ಕೆ ಹೋಗಿ ನಮ್ಮನ್ನು ದಾಟಿ, ಮುಂದೆ ಅಡ್ಡ ನಿಂತಿತು. ಇಳಿದವನು ಲೋಹಿತ. ಕೈಯಲ್ಲಿ ಗಾಲಿ ಬಿಚ್ಚುವ ರಾಡು. ಮೇಲಿನ ಹಲ್ಲು ಇಲ್ಲದ ಬಾಯಿ ಮುದುಕರ ಬಾಯಿಯ ಹಾಗೆ ಒಳಗೆ ಹೋಗಿದೆ.

"ಹಲ್ಲ ಉದರಿಸಿದಿ. ಈಗ ದಾರಿನೂ ಬಿಡವಲ್ಲಿ. ಕಿವಿ ಸತ್ತಾವೇನ್ ನಿನ್ನವ?"

"ಸತ್ತ ಭಾಳ ವರ್ಷ ಆತು."

ರಾಡು ಬೀಸಿದ. ನನ್ನ ಬಲಗೈ ಮೊಣಕೈ ಮೇಲೆ ಮುರಿದದ್ದು ನನಗೇ ಕೇಳಿಸಿತು, ಕಿವುಡನಿಗೆ. ಗಾಡಿ ಮೇಲಿಂದ ಬಿದ್ದೆ. ಎರಡನೆಯ ಏಟು ಗಾಡಿಯ ದೀಪಕ್ಕೆ ಬಿತ್ತು. ಮೂರನೆಯದಕ್ಕೆ ಎತ್ತಿದ. ಸೀಮಾ ಸೈಕಲ್ಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಅವನ ಹಿಂದೆ ನಿಂತಿದ್ದಳು, ಒಂದು ಮಾತು ಹೆಚ್ಚಾಗಿದ್ದರೆ ಅವನ ತಲೆ ಒಡೆಯುತ್ತಿದ್ದಳು. ಬಾರಕೋಲು ನನ್ನ ಎಡಗೈಗೆ ಸಿಗುವಷ್ಟು ಹತ್ತಿರ ಬಿದ್ದಿತ್ತು.

ಲೋಹಿತ ಬೀಸಲಿಲ್ಲ. ಅಳುತ್ತಿದ್ದ. ಅಷ್ಟು ದೊಡ್ಡ ಮಗ, ಮೂಗು ಸುರಿಸಿಕೊಂಡು ಅಳುತ್ತಿದ್ದ. "ಅವತ್ತ ನೀನ ಕರದಿ. ಕೈ ಮಾಡಿ ಕರದಿ. ನಾ ಎಲ್ಲೆ ಹೇಳಿದ್ರೂ ಯಾರೂ ನಂಬವಲ್ರು. ನೀನ ಕರದಿ ಯಜ್ಜಾ."

ನಾನು ನೆಲದ ಮೇಲಿಂದಲೇ ಹೇಳಿದೆ: "ಹೌದಲೇ. ಅವತ್ತ ಕರದಿದ್ದೆ. ಇವತ್ತ ಕರದಿಲ್ಲ. ಹಿಂದ ನಿಲ್ಲು."

ರಾಡು ಕೆಳಗೆ ಬಂತು. ಸೈಕಲ್ಲೂ ಕೆಳಗೆ ಬಂತು. ಅವನೇ ನನ್ನನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿ ಗದಗಿನ ದವಾಖಾನೆಗೆ ತಂದ. ದಾರಿಯುದ್ದಕ್ಕೂ ಸೀಮಾ ನಮ್ಮ ಮುಂದೆ ಸೈಕಲ್ ತುಳಿದಳು, ರಸ್ತೆಯ ನಡುವೆಯೇ. ಅವನು ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ನನ್ನ ಕೈಯೆಲ್ಲ ಬೆಂಕಿ. ಇನ್ನಷ್ಟು ಜಲ್ದಿ ಹೊಡಿ ಎನ್ನಬೇಕೆನಿಸಿತು, ಅನ್ನಲಿಲ್ಲ.

ಡಾಕ್ಟರಿಗೆ ಗಾಡಿಯಿಂದ ಬಿದ್ದೆ ಎಂದೆ. ಆಮೇಲೆ ಕೈ ಕಟ್ಟಿಸಿಕೊಂಡು ಲಕ್ಷ್ಮೇಶ್ವರದ ಠಾಣೆಗೆ ಹೋಗಿ ಜನವರಿಯ ಮಾತು ಪೂರ್ತಿ ಹೇಳಿ ಬಂದೆ. ಕಲ್ಲು, ಸಂದು, ಕೈ ಮಾಡಿದ್ದು, ಎಲ್ಲ. ಬರೆದುಕೊಂಡವನು ಕೇಳಿದ, "ಯಜಮಾನ್ರ, ಇದರಿಂದ ನಿಮ್ಮ ಮ್ಯಾಲ ಕೇಸ ಆಕೈತಿ, ಗೊತ್ತೈತೇನು?" ಅದಕ್ಕೇ ಬಂದಿದ್ದೇನೆ ಎಂದೆ. ಎಡಗೈ ಹೆಬ್ಬೆರಳು ಒತ್ತಿದೆ. ಲೋಹಿತನ ಮೇಲೆ ನನಗೆ ಪ್ರೀತಿ ಉಕ್ಕಿದ್ದಲ್ಲ. ಅವನು ಸಾವಕಾಶ ಬರಬೇಕಿತ್ತು, ಅದು ಇವತ್ತಿಗೂ ನನ್ನ ಮಾತು.

ದವಾಖಾನೆಯಲ್ಲಿ ಸೀಮಾಳನ್ನು ಕೇಳಿದೆ, ಹಾರ್ನ್ ಕೇಳಿಸಿದರೂ ನನಗೆ ಯಾಕೆ ಹೇಳಲಿಲ್ಲ ಎಂದು. ಮನೆಗೆ ಹೋಗು ಎಂದದ್ದು ಬಿಟ್ಟರೆ ಮೂರು ತಿಂಗಳಲ್ಲಿ ನನ್ನ ಜೊತೆ ಆಡಿದ ಮಾತು ಅದೊಂದೇ: "ಹೇಳಿದ್ರ ನೀ ಬಾರಕೋಲ ತಗೊಂಡ ಇಳೀತಿದ್ದಿ."

ನಿನ್ನ ಮಾತು ಸರಿ ಇತ್ತು ಎಂದು ಬರೆಯಲು ಹೇಳಬೇಡ. ಎಡಗೈಯಲ್ಲಿ ಅಷ್ಟು ಬರೆಯಲು ಬರುವುದಿಲ್ಲ.

ಮೂಕಪ್ಪ


ಅಡರಕಟ್ಟಿ
8 ಜುಲೈ 2025

ಸೀಮಾ,

ಕೈ ಬಿಚ್ಚಿದರು. ಸೊಟ್ಟ ಕೂಡಿದೆ. ಗಾಡಿಯ ಹ್ಯಾಂಡಲ್ ಹಿಡಿಯಲು ಬರುತ್ತದೆ, ಬಾರಕೋಲು ಬೀಸಲು ಬರುವುದಿಲ್ಲ. ನಿಮ್ಮಜ್ಜಿ ಡಾಕ್ಟರಿಗೆ ಕೈ ಮುಗಿದಳು.

ಕೈ ಕಟ್ಟಿದ್ದಷ್ಟು ದಿನ ಹೊಲದ ಬದುವಿನ ಮೇಲೆ ಕೂತು ನಿನ್ನನ್ನು ನೋಡಿದೆ. ನಿನ್ನ ಬಲಕ್ಕೆ ಕೊಟ್ರಪ್ಪ ಸ್ಕೂಟರ್ ಹೊಡೆಯುತ್ತಿದ್ದ. ಹಿಂದೆ ಸ್ನೇಹಾ ಕೂತಿದ್ದಳು, ಒಂದು ಕಾಲಿನ ಪ್ಯಾಂಟು ಮಡಚಿ ಕಟ್ಟಿಕೊಂಡು. ಏನೋ ಒದರುತ್ತಿದ್ದಳು. ಜೋರು ತುಳಿ ಎಂದಿರಬೇಕು. ಕೊಟ್ರಪ್ಪ ನನ್ನ ಕಡೆ ನೋಡಲಿಲ್ಲ. ಅವಳು ನೋಡಿದಳು. ನೋಡಿ, ಎತ್ತು ಹೊಡೆಯುವವರ ಹಾಗೆ ಗಾಳಿಯಲ್ಲಿ ಕೈ ಬೀಸಿದಳು. ಬೈದಳೋ ಕರೆದಳೋ ನನಗೆ ತಿಳಿಯಲಿಲ್ಲ. ಮುಂಜಾನೆಯಿಂದ ಸಂಜೆಯ ತನಕ ಆ ಕೈಯೇ ಕಣ್ಣ ಮುಂದೆ ಇತ್ತು.

ಈ ವರ್ಷದ ಹುರುಳಿಗೆ ಹೊಲದಲ್ಲೇ ಕಣ ಮಾಡುತ್ತೇನೆ. ಕಲ್ಲುಗಳನ್ನು ತಂದು ಬಾವಿಯಲ್ಲಿ ಹಾಕಿದೆ. ನನ್ನ ಕೇಸಿನ ತಾರೀಖು ಬಂದಿದೆ. ಏನಾಗುತ್ತದೋ ಆಗಲಿ. ಜೈಲಿಗೆ ಹಾಕುವ ತನಕ ನಿನ್ನ ಜೋಡಿ ನಾನು ಬರುತ್ತೇನೆ, ಹಾಕಿದರೆ ಆಮೇಲೆ ಕೊಟ್ರಪ್ಪನಿಗೆ ಹೇಳು.

ನಾಳೆ ಮುಂಜಾನೆ ಮುಳಗುಂದದಲ್ಲಿ ನಿಂತಿರುತ್ತೇನೆ. ಬಾರಕೋಲು ಮನೆಯಲ್ಲಿ ಬಿಟ್ಟು ಬರುತ್ತೇನೆ, ನಿಮ್ಮಜ್ಜಿ ಅದರಿಂದ ನಾಯಿ ಓಡಿಸುತ್ತಾಳೆ. ನೀನು ಎಡಕ್ಕೆ ಇರು. ಮಾತಾಡಬೇಕೆಂದಿಲ್ಲ.

ಹಿಂದಿನಿಂದ ಯಾರು ಎಷ್ಟು ಹಾರ್ನ್ ಹೊಡೆದರೂ ನನಗೆ ಹೇಳಬೇಡ.

ನಿನ್ನ ಬಲಗಡೆಯ,
ಅಜ್ಜ